ನಡುಪುಟದ ಜಗಳ

ಕಿಡಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಆ ಅಡ್ಡಹೆಸರು ಬಂದದ್ದೂ ಹಾಗೆಯೇ. ಆದರೆ ಸಿಟ್ಟು ತಾನಾಗಿ ಹತ್ತಿ ಮೂಗಿನ ಮೇಲೆ ಕೂರುವುದಿಲ್ಲ, ಯಾರಾದರೂ ಎತ್ತಿ ಕೂರಿಸಬೇಕು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ಸಲ ಕೂರಿಸಿದವರು ಅಮ್ಮ, ಅಪ್ಪ ಮತ್ತು ಅಪ್ಪನ ಅಕ್ಕ. ಮೂರು ಜನ ಸೇರಿ, ಒಂದು ವರ್ಷದಿಂದ, ನಗುನಗುತ್ತಲೇ ಕೂರಿಸಿದ್ದರು.

ಅಮ್ಮ ಒಂದು ದಿನಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದಳು. ಯಾವ ಸುದ್ದಿ ಮೇಲೆ, ಯಾವುದು ಕೆಳಗೆ, ತಲೆಬರಹ ಎಷ್ಟು ದಪ್ಪ, ಚಿತ್ರ ಎಷ್ಟು ಅಗಲ ಎಂದು ಗೊತ್ತುಮಾಡಿ ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ. ಹೋದ ವರ್ಷ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದವಳು ಮರುದಿನ ಹೋಗಲಿಲ್ಲ. ‘ನಿನ್ನ ಓದಿಗೋಸ್ಕರ ಕೆಲಸ ಬಿಟ್ಟಳು’ ಎಂದರು ಅಪ್ಪ. ಅಮ್ಮ ಬೇಳೆ ತೊಳೆಯುತ್ತಿದ್ದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಅಲ್ಲಿಂದ ಕಿಡಿಯ ಗ್ರಹಚಾರ ಶುರುವಾಯಿತು. ಅತ್ತೆ ಬಂದಾಗಲೆಲ್ಲ ಅವಳ ಗಲ್ಲ ಹಿಡಿದು, ‘ನಿನಗೋಸ್ಕರ ನಿಮ್ಮಮ್ಮ ಎಂಥಾ ಕೆಲಸ ಬಿಟ್ಟು ಕೂತಿದ್ದಾಳೆ, ನೆನಪಿರಲಿ’ ಎನ್ನುವರು. ಗಣಿತದಲ್ಲಿ ಅಂಕ ಕಡಿಮೆ ಬಂದರೆ ಅದೇ ಮಾತು, ಹೆಚ್ಚು ಬಂದರೂ ಅದೇ ಮಾತು. ಶಾಲೆಯ ಓಟದ ತಂಡದಲ್ಲಿ ಕಿಡಿ ಎಲ್ಲರಿಗಿಂತ ಮುಂದಿದ್ದಳು. ಅಮ್ಮ ತನಗಾಗಿ ಮನೆಯಲ್ಲಿ ಕೂತಿರುವಾಗ ತಾನು ಮೈದಾನ ಸುತ್ತುವುದು ಸರಿಯಲ್ಲ ಎನ್ನಿಸಿ ತಂಡ ಬಿಟ್ಟಳು. ಓಟದ ಬೂಟನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಳು. ಯಾರೂ ಬಿಡು ಎಂದು ಹೇಳಿರಲಿಲ್ಲ, ಯಾರೂ ಬೇಡ ಎಂದೂ ಹೇಳಲಿಲ್ಲ.

ಹೀಗಿರುವಾಗ ಶಾಲೆಯಲ್ಲಿ ಮಾಧ್ಯಮ ಪ್ರಾಜೆಕ್ಟು ಬಂತು. ಮೂವರ ಗುಂಪು, ಎಂಟು ಪುಟದ ಪತ್ರಿಕೆ. ಯೋಜನೆಯಿಂದ ಹಿಡಿದು ಮುದ್ರಣದವರೆಗೆ ಮಕ್ಕಳೇ ಮಾಡಬೇಕು, ಕೊನೆಗೆ ಮನೆಯವರನ್ನೆಲ್ಲ ಕರೆಸಿ ಪ್ರದರ್ಶನ. ಕಿಡಿ ಸಂಪಾದಕಿಯಾದಳು. ದಪ್ಪ ಕನ್ನಡಕದ ಸೋಡಾಬುಡ್ಡಿ ಟೈಪು ಮಾಡುವವಳು. ಕಡ್ಡಿ ಎಂಬ ಸಣಕಲಿ ಚಿತ್ರ ಬರೆಯುವವಳು. ಪತ್ರಿಕೆಗೆ ‘ಬಾಯಿಬಡುಕಿ’ ಎಂದು ಹೆಸರಿಟ್ಟರು. ಮಿಸ್ ಮುಖ ಹುಳ್ಳಗೆ ಮಾಡಿಕೊಂಡು, ‘ಜ್ಞಾನಕ್ಕೆ ಸಂಬಂಧಪಟ್ಟ ಹೆಸರು ಹೊಳೀಲಿಲ್ವಾ?’ ಎಂದರು. ‘ಬಾಯಿಬಿಡದೆ ಜ್ಞಾನ ಎಲ್ಲಿಂದ ಬರುತ್ತೆ ಮಿಸ್?’ ಎಂದಳು ಕಿಡಿ. ಹೆಸರು ಉಳಿಯಿತು.

ನಡುವಿನ ಎರಡು ಪುಟದಲ್ಲಿ ಒಬ್ಬರ ಸಂದರ್ಶನ ಇರಬೇಕು, ಅವರ ಕೆಲಸದ ಬಗ್ಗೆ ಇರಬೇಕು ಎಂಬುದು ಮಿಸ್ ಹಾಕಿದ ನಿಯಮ. ‘ಮನೇಲೇ ಪತ್ರಿಕೆಯವರು ಇರುವಾಗ ಊರೆಲ್ಲಾ ಯಾಕೆ ಹುಡುಕಬೇಕು?’ ಎಂದಳು ಸೋಡಾಬುಡ್ಡಿ. ಅಮ್ಮನಿಗೆ ಹೇಳಿದಾಗ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಊಟದ ಮೇಜಿನ ಮೇಲೆ ಹಾಳೆಗಳನ್ನು ಮಡಚಿ, ನಡುವೆ ಪಿನ್ನು ಹೊಡೆದು, ಒಂದು ಖಾಲಿ ಮಾದರಿ ಪತ್ರಿಕೆ ಮಾಡಿ ಮೂವರ ಮುಂದೆ ಇಟ್ಟಳು. ಯಾವ ಪುಟದಲ್ಲಿ ಏನು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಸಿದಳು.

‘ನಡುಪುಟದಲ್ಲಿ ಯಾರ ಮುಖಾನೂ ಮಡಿಕೆಗೆ ಸಿಗಬಾರದು. ಪಿನ್ನು ಮೂಗಿನ ಮೇಲೆ ಬಂದ್ರೆ ಆ ಮನುಷ್ಯ ಜನ್ಮದಲ್ಲಿ ನಿಮ್ಮನ್ನ ಕ್ಷಮಿಸಲ್ಲ,’ ಎಂದಳು.

ಮಕ್ಕಳು ನಕ್ಕರು. ಕಂಪ್ಯೂಟರಿನಲ್ಲಿ ಪುಟ ಜೋಡಿಸಲು ಕೂತಾಗ ಮಕ್ಕಳ ಕೈಯಲ್ಲಿದ್ದ ಮೌಸು ಸ್ವಲ್ಪ ಹೊತ್ತಿಗೆಲ್ಲ ಅಮ್ಮನ ಕೈಗೆ ಹೋಗಿತ್ತು. ಕಿಡಿ ಬೇಕೆಂದೇ ಸುಮ್ಮನಿದ್ದಳು. ಅಮ್ಮ ಅಷ್ಟು ಖುಷಿಯಾಗಿದ್ದುದನ್ನು ನೋಡಿ ಬಹಳ ದಿನವಾಗಿತ್ತು.

ಪುಟಕ್ಕೆ ಅಮ್ಮ ಕೆಲಸ ಮಾಡುತ್ತಿರುವ ಫೋಟೊ ಬೇಕಾಯಿತು. ಮನೆಯಲ್ಲಿ ಒಂದೂ ಇರಲಿಲ್ಲ. ಅದೇ ಪತ್ರಿಕೆಯಲ್ಲಿ ಫೋಟೊ ತೆಗೆಯುತ್ತಿದ್ದ ಮಾಮ ಈಗ ಬಸ್ ನಿಲ್ದಾಣದ ಎದುರು ಪಾಸ್‌ಪೋರ್ಟ್ ಫೋಟೊದ ಅಂಗಡಿ ಇಟ್ಟಿದ್ದಾನೆಂದು ಕಿಡಿಗೆ ಗೊತ್ತಿತ್ತು. ಅಮ್ಮನಿಗೆ ಹೇಳದೆ, ಸೋಡಾಬುಡ್ಡಿಯನ್ನು ಕರೆದುಕೊಂಡು ಹೋದಳು. ಅವನು ಕಂಪ್ಯೂಟರಿನಲ್ಲಿ ಹುಡುಕಿ ಒಂದು ಫೋಟೊ ತೆಗೆದ. ಅಮ್ಮ ಹುಬ್ಬು ಗಂಟಿಕ್ಕಿ ಪರದೆ ನೋಡುತ್ತಿದ್ದಳು, ಕಿವಿಯ ಹಿಂದೆ ಪೆನ್ಸಿಲು.

‘ಇದು ನಮ್ಮನ್ನ ತೆಗೆಯೋಕೆ ಸ್ವಲ್ಪ ದಿನ ಮುಂಚೆ ತೆಗೆದದ್ದು,’ ಎಂದ ಫೋಟೊ ಮಾಮ.

‘ನೀವೇ ತಾನೆ ತೆಗೆದದ್ದು?’ ಎಂದಳು ಸೋಡಾಬುಡ್ಡಿ.

‘ಫೋಟೊ ತೆಗೆದದ್ದು ನಾನಮ್ಮ. ನಮ್ಮನ್ನ ತೆಗೆದದ್ದು ಮ್ಯಾನೇಜರು.’ ತನ್ನ ಮಾತಿಗೆ ತಾನೇ ನಕ್ಕ. ಕಿಡಿಯ ಮುಖ ನೋಡಿ ನಗು ನಿಲ್ಲಿಸಿದ. ‘ಯಾಕೆ, ನಿನಗೆ ಗೊತ್ತಿಲ್ವಾ? ಇಡೀ ವಿಭಾಗಾನೇ ಮುಚ್ಚಿಬಿಟ್ರು. ಪುಟ ಎಲ್ಲಾ ಬೇರೆ ಊರಲ್ಲೇ ಆಗುತ್ತೆ, ನಾಳೆಯಿಂದ ಬರಬೇಡಿ ಅಂದ್ರು. ಅದೂ ಹೇಗೆ? ಇವತ್ತಿನ ಪುಟ ಮುಗಿಸಿಕೊಟ್ಟು ಹೋಗಿ ಅಂತ. ನಾವೆಲ್ಲಾ ತಲೆ ತಗ್ಗಿಸಿ ಕೂತಿದ್ವಿ. ನಿಮ್ಮಮ್ಮ ಒಬ್ಬಳೇ ಎದ್ದು, ನಾನು ಬೇಡ, ನನ್ನ ಪುಟ ಬೇಕೋ? ಅಂತ ಕೇಳಿದಳು. ಮ್ಯಾನೇಜರ್ ಬಾಯಿ ತೆರೆಯೋಕೆ ಮುಂಚೆ ಕಂಪ್ಯೂಟರ್ ಆರಿಸಿ ಹೊರಟೇಬಿಟ್ಟಳು. ಅವತ್ತು ಬಾಯಿ ಬಿಟ್ಟವಳು ಅವಳೊಬ್ಬಳೇ ಮರಿ.’

ದಾರಿಯುದ್ದಕ್ಕೂ ಕಿಡಿ ಕೊತಕೊತ ಕುದಿಯುತ್ತಿದ್ದಳು. ಸೋಡಾಬುಡ್ಡಿ ಏನೋ ಸಮಾಧಾನ ಹೇಳಿದ್ದು ಕಿವಿಗೆ ಬೀಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಒಂದು ವರ್ಷದಿಂದ ಆ ಎಮ್ಮೆ ತಾನೇ ಎಂದು ಅವಳಿಗೆ ಈಗ ತಿಳಿಯಿತು. ಮ್ಯಾನೇಜರ್ ಮಾಡಿದ ಕೆಲಸಕ್ಕೆ ಅತ್ತೆ ತನ್ನ ಗಲ್ಲ ಹಿಡಿದಿದ್ದರು. ಅದಕ್ಕಿಂತ ಹೆಚ್ಚು ಉರಿದದ್ದು ಬೇರೆ ಕಾರಣಕ್ಕೆ. ಇಂಥ ಮಾತು ಆಡಿ ಬಂದ ಅಮ್ಮ, ಆ ಅಮ್ಮನನ್ನು ಇಷ್ಟು ದಿನ ತನಗೆ ತೋರಿಸದೆ ಮುಚ್ಚಿಟ್ಟಿದ್ದಳಲ್ಲ!

ಮನೆಯಲ್ಲಿ ಅವಳು ಏನೂ ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಸಿಗುತ್ತದೆ, ಅಷ್ಟೆ. ಸಂದರ್ಶನ ಬರೆದಳು, ಕೊನೆಯ ಪ್ಯಾರಾದಲ್ಲಿ ಫೋಟೊ ಮಾಮ ಹೇಳಿದ್ದನ್ನು ಹಾಗೆಯೇ ಇಟ್ಟಳು. ‘ಅವರನ್ನು ಕೆಲಸ ಬಿಡಿಸಿದರು’ ಎಂದು ಆ ಪ್ಯಾರಾ ಶುರುವಾಗುತ್ತಿತ್ತು. ಸೋಡಾಬುಡ್ಡಿ ಟೈಪು ಮಾಡಿ ಕಳಿಸಿದ್ದನ್ನೂ ಫೋಟೊವನ್ನೂ ಅಮ್ಮನ ಮುಂದೆ ಇಟ್ಟು, ‘ಪುಟಕ್ಕೆ ಹಾಕು’ ಎಂದಷ್ಟೇ ಹೇಳಿ ಶಾಲೆಗೆ ಹೋದಳು.

ಸಂಜೆ ಬಂದಾಗ ನಡುಪುಟದ ಕರಡುಪ್ರತಿ ಊಟದ ಮೇಜಿನ ಮೇಲಿತ್ತು. ಚೆಂದವೆಂದರೆ ಚೆಂದ. ಫೋಟೊ ದೊಡ್ಡದಾಗಿ ಎಡಕ್ಕೆ, ಮೂಗು ಮಡಿಕೆಯಿಂದ ಗೇಣು ದೂರ. ಕಿಡಿ ನೇರ ಕೊನೆಯ ಪ್ಯಾರಾಕ್ಕೆ ಹೋದಳು. ಅಲ್ಲಿ ಒಂದೇ ಸಾಲಿತ್ತು: ‘ಮಗಳ ಓದಿಗಾಗಿ ಅವರು ಕೆಲಸ ಬಿಟ್ಟರು.’

‘ನಾನು ಬರೆದದ್ದು ಎಲ್ಲಿ?’

ಅಮ್ಮ ಒಲೆಯ ಕಡೆಯಿಂದ ತಿರುಗಲಿಲ್ಲ. ‘ಜಾಗ ಸಾಲಲಿಲ್ಲ. ಪುಟ ತುಂಬಿದ್ರೆ ಬಾಲ ಕತ್ತರಿಸೋದೇ. ಎಲ್ಲಾ ಪತ್ರಿಕೇಲೂ ಅದೇ ಪದ್ಧತಿ.’

‘ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದ್ದೀಯಲ್ಲ, ಅದಕ್ಕೆ ಜಾಗ ಎಲ್ಲಿಂದ ಬಂತು?’

‘ಆ ಫೋಟೊದವನ ಬಾಯಿಗೆ ಬೀಗ ಇಲ್ಲ.’

‘ಅದಕ್ಕೇ ನನಗೆ ಗೊತ್ತಾಯ್ತು. ಈ ಮನೇಲಿ ಎಲ್ಲರ ಬಾಯಿಗೂ ಬೀಗ ಇದೆಯಲ್ಲ! ಬಿಟ್ಟಿದ್ದಾ, ಬಿಡಿಸಿದ್ದಾ? ಅದೊಂದು ಹೇಳು.’

‘ಏನೋ ಒಂದು. ಎರಡಕ್ಷರಕ್ಕೆ ಇಷ್ಟು ರಂಪ ಮಾಡ್ಬೇಕಾ?’

ಕಿಡಿಯ ಪಿತ್ತ ನೆತ್ತಿಗೇರಿತು. ‘ಆ ಎರಡಕ್ಷರ ನುಂಗಿ ನೀನು ತ್ಯಾಗಮಯಿ ಆದೆ. ನನ್ನ ತಲೆ ಮೇಲೆ ಗೂಬೆ ಕೂತಿತು! ನಾನು ಓಡೋದು ಬಿಟ್ಟೆ, ಗೊತ್ತಾ ನಿನಗೆ? ಬೂಟು ಕೊಟ್ಟುಬಿಟ್ಟೆ. ಯಾವ ಋಣ ತೀರಿಸೋಕೆ? ಇಲ್ಲದ ಋಣ!’

ಒಳಗೆ ಷರ್ಟಿನ ಗುಂಡಿ ಹೊಲಿಯುತ್ತಿದ್ದ ಅಪ್ಪ ಸೂಜಿ ಹಿಡಿದುಕೊಂಡೇ ಬಂದರು. ‘ಹೋಗ್ಲಿ ಬಿಡಮ್ಮ. ಸ್ಕೂಲ್ ಪತ್ರಿಕೆ ತಾನೆ, ಯಾರು ಓದ್ತಾರೆ?’

ಪುಟ ಕಟ್ಟುವವಳನ್ನೂ ಸಂಪಾದಕಿಯನ್ನೂ ಒಂದೇ ಉಸಿರಿನಲ್ಲಿ ಅವಮಾನ ಮಾಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ತಾಯಿ ಮಗಳು ಇಬ್ಬರೂ ಅವರ ಕಡೆ ತಿರುಗಿದರು.

‘ನೀವು ಸುಮ್ಮನಿರಿ,’ ಎಂದಳು ಅಮ್ಮ. ‘ಮೊದಲು ಹೇಳಿದ್ದೇ ನೀವು. ಅವತ್ತು ನಾನಿನ್ನೂ ಚಪ್ಪಲಿ ಕಳಚಿರಲಿಲ್ಲ, ನೀವು ನಿಮ್ಮಕ್ಕನಿಗೆ ಫೋನ್ ಮಾಡಿ, ಮಗಳಿಗೋಸ್ಕರ ಬಿಟ್ಟಳು ಅಂದ್ರಿ.’

‘ನಿನ್ನ ಮರ್ಯಾದೆ ಉಳೀಲಿ ಅಂತ ಕಣೇ.’

‘ನನ್ನದೋ, ನಿಮ್ಮದೋ? ನನಗೆ ಅವತ್ತು ಮೈಯೆಲ್ಲಾ ಸಿಟ್ಟಿತ್ತು. ನಾಲ್ಕು ಜನರ ಎದುರು ಬೈಕೊಂಡು ತಿರುಗಬೇಕು ಅನ್ನಿಸಿತ್ತು. ನೀವು ಅದಕ್ಕೆ ತ್ಯಾಗ ಅಂತ ಹೆಸರಿಟ್ರಿ. ತ್ಯಾಗ ಮಾಡಿದವಳು ಯಾರ ಮೇಲೆ ಸಿಟ್ಟಾಗೋದು?’

ಅಪ್ಪ ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡರು. ಅವರನ್ನು ನೋಡಿ ಅಯ್ಯೋ ಅನ್ನಿಸುವಷ್ಟು ತಾಳ್ಮೆ ಕಿಡಿಗೆ ಉಳಿದಿರಲಿಲ್ಲ.

‘ಅಲ್ಲ ಅಂತ ನೀನು ಅನ್ನಬಹುದಿತ್ತು,’ ಎಂದಳು ಅಮ್ಮನಿಗೆ.

‘ಅನ್ನಬಹುದಿತ್ತು.’ ಅಮ್ಮ ಒಲೆ ಆರಿಸಿದಳು. ‘ನಾಚಿಕೆ ಆಯ್ತು. ಕೆಲಸದಿಂದ ತೆಗೆಸಿಕೊಂಡವಳು ಅನ್ನಿಸಿಕೊಳ್ಳೋದಕ್ಕಿಂತ ಆ ಸುಳ್ಳು ಹಿತವಾಗಿತ್ತು.’

‘ಹಿತ ನಿನಗೆ, ಅನುಭವಿಸಿದ್ದು ನಾನು.’ ಕಿಡಿ ಪ್ರತಿಯನ್ನು ಮೇಜಿಗೆ ಬಡಿದಳು. ‘ಏನು ಬೇಕೋ ಅದನ್ನೇ ಹಾಕ್ಕೋ. ಸಂಪಾದಕಿ ಅಂತ ಇರೋ ಕಡೆ ನನ್ನ ಹೆಸರು ಮಾತ್ರ ತೆಗಿ. ಸುಳ್ಳಿನ ಕೆಳಗೆ ನನ್ನ ಹೆಸರು ಬೇಡ.’

ಆಮೇಲೆ ಅವಳು ಪತ್ರಿಕೆಯನ್ನು ಮುಟ್ಟಲಿಲ್ಲ, ಅಮ್ಮನ ಜೊತೆ ಮಾತಾಡಲಿಲ್ಲ. ಮುದ್ರಣಕ್ಕೆ ಅಮ್ಮನೇ ಹೋದಳು. ಉಳಿದ ಇಬ್ಬರು ಏನಾಯಿತೆಂದು ಕೇಳಿದರೆ, ‘ನನ್ನ ಪತ್ರಿಕೆ ಅಲ್ಲ ಅದು’ ಎಂದುಬಿಟ್ಟಳು.

ಪ್ರದರ್ಶನದ ದಿನ ಅಮ್ಮ ಕಟ್ಟನ್ನು ನೇರ ಶಾಲೆಗೇ ತಂದಳು. ಕಡ್ಡಿಯೂ ಸೋಡಾಬುಡ್ಡಿಯೂ ಪ್ರತಿಗಳನ್ನು ಮೇಜಿನ ಮೇಲೆ ಹರಡಿದರು. ಕಿಡಿ ಮೇಜಿನ ಆ ತುದಿಯಲ್ಲಿ ಕೈಕಟ್ಟಿ ನಿಂತಳು; ಒಂದು ಪ್ರತಿಯನ್ನೂ ತೆರೆಯಲಿಲ್ಲ. ಅಪ್ಪನ ಜೊತೆ ಅತ್ತೆಯೂ ಬಂದರು. ಅವರಿಗೆ ಹೆಮ್ಮೆಯೋ ಹೆಮ್ಮೆ. ಕನ್ನಡಕ ಹಾಕಿಕೊಂಡು, ನಡುಪುಟ ಬಿಡಿಸಿ, ಸುತ್ತಲಿದ್ದವರಿಗೆಲ್ಲ ಕೇಳಲಿ ಎಂದು ಗಟ್ಟಿಯಾಗಿ ಓದತೊಡಗಿದರು. ಅವರ ಮಟ್ಟಿಗೆ ಅದು ಪ್ರೀತಿಯೇ. ಅದರಲ್ಲಿ ಅನುಮಾನವಿಲ್ಲ.

‘ಫೋಟೊ ಯಾಕೆ ಇಷ್ಟು ಚಿಕ್ಕದು ಹಾಕಿದ್ದೀರಿ, ಅಂಚೆಚೀಟಿ ಹಾಗೆ?’ ಎಂದರು ಮೊದಲು. ಕೊನೆಯ ಪ್ಯಾರಾಕ್ಕೆ ಬಂದಾಗ ಓದು ನಿಲ್ಲಿಸಿದರು. ‘ಅಯ್ಯೋ, ಇಲ್ಲೊಂದು ತಪ್ಪಾಗಿದೆ. ಕೆಲಸ ಬಿಡಿಸಿದರು ಅಂತ ಬಿದ್ದಿದೆ. ಬಿಟ್ಟರು ಅಂತ ಇರಬೇಕಿತ್ತು. ಪಾಪ, ಮಕ್ಕಳು, ಅಚ್ಚಿನ ತಪ್ಪು ನೋಡಿಲ್ಲ.’ ಚೀಲದಿಂದ ಪೆನ್ನು ತೆಗೆದು ಆ ಪದದ ಮೇಲೆ ಗೀಟು ಹೊಡೆಯಲು ಹೋದರು.

ಅಮ್ಮ ಅವರ ಮಣಿಕಟ್ಟು ಹಿಡಿದುಕೊಂಡಳು.

‘ಅಚ್ಚಿನ ತಪ್ಪಲ್ಲ ಅತ್ತಿಗೆ. ತಪ್ಪು ಮುಂಚೆ ಇತ್ತು. ತಿದ್ದಿದ್ದು ನಾನೇ.’

‘ಹಾಗಂದ್ರೆ?’

‘ಮುಂದೆ ಓದಿ. ಈಗ ಓದಿದಷ್ಟೇ ಗಟ್ಟಿಯಾಗಿ ಓದಿ.’

‘ಇಲ್ಲೆಲ್ಲಾ ಯಾಕೆ, ಹೋಗ್ಲಿ ಬಿಡು,’ ಎಂದು ಅಪ್ಪ ಗೊಣಗಿದರು. ಅಮ್ಮ ಅವರ ಕಡೆ ನೋಡಲಿಲ್ಲ. ಅತ್ತೆ ಓದಿದರು. ದನಿ ಮಾತ್ರ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ ಹೋಯಿತು. ‘ನಾನು ಬೇಡ, ನನ್ನ ಪುಟ ಬೇಕೋ?’ ಎಂಬಲ್ಲಿಗೆ ಕಿಡಿ ಬರೆದದ್ದು ಮುಗಿಯಿತು. ಅತ್ತೆಯ ಓದು ಮುಗಿಯಲಿಲ್ಲ. ಅದರ ಕೆಳಗೆ, ಫೋಟೊ ಕುಗ್ಗಿಸಿ ಮಾಡಿದ ಜಾಗದಲ್ಲಿ, ಕಿಡಿ ಬರೆಯದಿದ್ದ ಮೂರು ಸಾಲು ಇದ್ದವು.

‘ಮಗಳಿಗಾಗಿ ಬಿಟ್ಟೆ ಎಂದು ನೆಂಟರೆಲ್ಲ ನಂಬಿದ್ದಾರೆ. ಅದು ಸುಳ್ಳು. ಅದನ್ನು ಹೊತ್ತು ತಿರುಗಿದವಳು ನನ್ನ ಮಗಳು, ನಾನು ನೋಡುತ್ತ ಸುಮ್ಮನಿದ್ದೆ.’

ಸಂಪಾದಕಿ ಎಂಬಲ್ಲಿ ಕಿಡಿಯ ಹೆಸರು ಹಾಗೆಯೇ ಇತ್ತು.

ಕಿಡಿಗೆ ಅಳು ಬಂತು, ಅಷ್ಟು ಜನರೆದುರು ಅಳು ಬಂದದ್ದಕ್ಕೆ ಸಿಟ್ಟೂ ಬಂತು. ಒಂದು ವರ್ಷದ ಉರಿ ಮೂರು ಸಾಲಿಗೆ ಆರಿಹೋಗುತ್ತದೆಯೆ? ಆರಿರಲಿಲ್ಲ. ಅಮ್ಮನ ಮುಖ ನೋಡಿದರೆ ಅಲ್ಲೂ ಅಷ್ಟೇ ಉರಿಯುತ್ತಿತ್ತು. ಅತ್ತೆ ಕನ್ನಡಕ ತೆಗೆದರು, ತಮ್ಮನ ಮುಖ ನೋಡಿದರು, ಪತ್ರಿಕೆಯನ್ನು ಮಡಚಲು ಹೋದರು. ಕಿಡಿ ಮೇಜು ಸುತ್ತಿಕೊಂಡು ಬಂದು ಅದನ್ನು ಅವರ ಕೈಯಿಂದ ತೆಗೆದುಕೊಂಡು, ನಡುಪುಟ ಬಿಡಿಸಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

‘ಮುಚ್ಚಬೇಡಿ ಅತ್ತೆ,’ ಎಂದಳು. ‘ಇನ್ನೂ ಜನ ಬರೋರಿದ್ದಾರೆ.’