ಎದೆಯ ಕಡೆಗೆ ತಿರುಗುವ ಕೀ

ಗಿಟಾರಿನ ತಲೆಯ ಮರದ ಮೇಲೆ ಹಳೆಯ ಕೀಗಳ ಗುರುತು ಇನ್ನೂ ಬೆಳ್ಳಗೆ ಉಳಿದಿದೆ, ಸುತ್ತಲಿನ ಮರವೆಲ್ಲ ಕೈಬೆವರು ಕುಡಿದು ಕಂದುಗಟ್ಟಿದ್ದರೂ ಕೀಗಳು ಕೂತಿದ್ದ ಜಾಗ ಮಾತ್ರ ನಿನ್ನೆ ಕೊಯ್ದ ಹಲಗೆಯ ಹಾಗಿದೆ, ಹೊಸ ಕೀಯ ತಗಡು ಅದಕ್ಕಿಂತ ಚಿಕ್ಕದು, ಇಟ್ಟರೂ ಮುಚ್ಚುವುದಿಲ್ಲ, ಸುತ್ತ ಒಂದು ಬಿಳಿ ಗೆರೆ ಕಂಡೇ ಕಾಣುತ್ತದೆ — ಕಾಣಲಿ ಬಿಡು, ಇದನ್ನೇನು ಗಂಡಿನ ಕಡೆಯವರು ನೋಡಲು ಬರುತ್ತಾರೆಯೇ, ಎಂದುಕೊಂಡು ಮಣಿಕಂಠನ್ ಬೇಸ್ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ ಅದರ ತಲೆಯನ್ನು ಜಗುಲಿಯ ಅಂಚಿಗೆ ಆನಿಸಿದ. ತಂತಿಯ ತುದಿ ಸುತ್ತಿ ಬಿಗಿ ಮಾಡುವ ಕೀ, ನಾಲ್ಕು ತಂತಿಗೆ ನಾಲ್ಕು, ನಾಲ್ಕೂ ಹೊಸವು, ಗಾನಮೇಳದ ಸುಜೀಶ್ ಕಲ್ಲಿಕೋಟೆಯಿಂದ ತಂದದ್ದು, ಜೊತೆಗೆ ಒಂದು ಸೆಟ್ ತಂತಿ, ಒಂದೇ ಸೆಟ್ ಸಿಕ್ಕಿದ್ದು ಮಣಿ, ನೋಡ್ಕಂಡು ಹಾಕು, ತುಂಡಾದ್ರೆ ಪನಮರಂ ಎಲ್ಲ ಸುತ್ತಿದ್ರೂ ಸಿಗಾಕಿಲ್ಲ ಅಂದಿದ್ದ. ಇವತ್ತು ಹೊತ್ತು ಮುಳುಗುವುದರೊಳಗೆ ಇದು ಸದ್ದು ಮಾಡಬೇಕು. ಮುಳುಗಿದ ಮೇಲೆ ಶಿಬು ಅಣ್ಣನನ್ನು ಮನೆಗೆ ಕರೆಯುತ್ತಾರೆ, ಸತ್ತವನು ಅಲ್ಲಿಯ ತನಕ ಬಾವಲಿ ಹೊಳೆಯಂಚಿನ ಕಾಡಿನಲ್ಲಿ ಅಲೆಯುತ್ತಿರುತ್ತಾನೆ, ಕರೆದಾಗ ಬಂದರೆ ಮನೆಯ ಮೂಲೆಯಲ್ಲಿ ಹಿರಿಯರ ಪಕ್ಕ ಅವನಿಗೂ ಜಾಗ, ಬರದಿದ್ದರೆ ಹೊರಗೇ, ಮಳೆಗೂ ಚಳಿಗೂ. ಕರೆಯುವುದು ತುಡಿ ಎಂಬ ಪುಟ್ಟ ಡೋಲು ಬಡಿದು, ಅಪ್ಪನನ್ನೂ ಹಾಗೇ ಕರೆದದ್ದು, ಆದರೆ ಅವ್ವನದು ಒಂದೇ ಹಟ, ತುಡಿಗೆ ಅವ ಬರಕಿಲ್ಲ ಮಣಿ, ತುಡಿ ಸುರುವಾದ್ರೆ ಎದ್ದು ಹೋಗೋನು ಅವ, ಅವನ ಸದ್ದು ಕೇಳಿದ್ರೇ ಅವ ಬರೋದು. ಹಾಡಿಯ ಹಿರಿಯ ಜೋಗಿ ಅಜ್ಜ ಬಹಳ ಹೊತ್ತು ಎಲೆಯಡಿಕೆ ಅಗಿದು ಕೊನೆಗೆ ಒಪ್ಪಿಕೊಂಡ.

ಅದೇ ಜೋಗಿ ಅಜ್ಜ ಮಣ್ಣು ಮಾಡುವ ದಿನ ಗುಂಡಿಯ ಪಕ್ಕ ನಿಂತು ಈ ಗಿಟಾರನ್ನು ಮೇಲಿನಿಂದ ಕೆಳಗೆ ನೋಡಿದ್ದ, ಕೊಂಬು ಮುರಿದ ಪ್ರಾಣಿಯನ್ನು ನೋಡುವ ಹಾಗೆ. ಸತ್ತವನ ಕೈ ಹಿಡಿದದ್ದು ಸತ್ತವನ ಜೊತೆ ಹೋಗಬೇಕು, ಕೊಡಲಿಯಾದರೆ ಕಾವು ಗುಂಡಿಗೆ ಕಬ್ಬಿಣ ಮನೆಗೆ, ಕತ್ತಿಯಾದರೆ ಹಿಡಿ ಗುಂಡಿಗೆ, ಇದರಲ್ಲಿ ಕಾವು ಯಾವುದಪ್ಪ ಎಂದು ಕೇಳಿದ. ಉದ್ದ ಕತ್ತನ್ನೇ ಕಾವು ಎಂದರೆ ಗಿಟಾರೇ ಹೋದ ಹಾಗೆ, ಮಣಿ ಬೇಡ ಎನ್ನಲೂ ಆಗದೆ ಕೊಡಿ ಎನ್ನಲೂ ಆಗದೆ ನಿಂತಿದ್ದ, ಅಣ್ಣ ಪಯ್ಯಂಪಳ್ಳಿಯ ಚರ್ಚಿನ ಹಾಡಿಗೆ ಬಾರಿಸಿದ್ದು ಇದರಲ್ಲಿ, ಮಣಿಗೆ ಕಲಿಸಿದ್ದೂ ಇದರಲ್ಲಿ, ತಮ್ಮನಿಗೆ ಇದು ಬೇಕಿತ್ತು, ಬೇಕು ಎನ್ನಲು ಆ ಹೊತ್ತಿನಲ್ಲಿ ನಾಚಿಕೆ. ಆಗ ಅವ್ವ ಬಂದು ಕೀಗಳ ಮೇಲೆ ಕೈ ಇಟ್ಟಳು, ಎತ್ತಿಕೊಂಡ ಕೂಡಲೆ ಅವ ಕೈ ಇಡೋದು ಇಲ್ಲಿಗೇ, ಇದೇ ಕಾವು. ಸ್ಕ್ರೂಡ್ರೈವರ್ ತರಲು ಮಣಿಯೇ ಮನೆಗೆ ಓಡಿದ. ಬಿಚ್ಚಿದ, ತಂತಿ ಸುರುಳಿ ಸುತ್ತಿದ, ಕೀಗಳನ್ನು ಬಟ್ಟೆಯ ಮೇಲಿಟ್ಟ. ಗುಂಡಿಗೆ ಹಾಕುವ ಮೊದಲು ಅವ್ವ ದಪ್ಪ ತಂತಿಯ ಕೀಯನ್ನು ಎತ್ತಿಕೊಂಡು ಎರಡು ಬೆರಳಲ್ಲಿ ತಿರುಗಿಸಿದಳು, ತನ್ನ ಎದೆಯ ಕಡೆಗೆ, ನಿಧಾನ, ಆ ಕಡೆ ತಂತಿಯಿಲ್ಲದ ಪುಟ್ಟ ಕಂಬ ತಿರುಗಿತು, ಸದ್ದೇ ಇಲ್ಲ, ಎಲ್ಲರೂ ನೋಡುತ್ತ ನಿಂತರು, ಅವಳು ತಿರುಗಿಸುತ್ತಲೇ ಇದ್ದಳು.

ಹಳೆಯ ಸ್ಕ್ರೂ ತೂತು ಹೊಸದಕ್ಕೆ ಕೂಡಿ ಬರುವುದಿಲ್ಲ, ಕೂಡಿ ಬರುತ್ತದೆಂದು ಯಾರು ಹೇಳಿದ್ದರು, ಬಿದಿರಿನ ಸೀಳು ಚೂಪು ಮಾಡಿ ಫೆವಿಕಾಲ್ ಸವರಿ ತೂತಿಗೆ ಹೊಡೆದು ಮೇಲೆ ಉಳಿದದ್ದನ್ನು ಬ್ಲೇಡಿನಲ್ಲಿ ಕೊಯ್ದು ಬೆಳಗಿನಿಂದ ಒಣಗಲು ಬಿಟ್ಟಿದ್ದಾಯಿತು, ಈಗ ಹೊಸ ತೂತು, ಆಣಿಯಿಂದ ಗುರುತು, ಸಣ್ಣ ಡ್ರಿಲ್ಲನ್ನು ಕೈಯಲ್ಲೇ ತಿರುಗಿಸಿ ಅಕ್ಕಿಕಾಳಿನಷ್ಟು ಆಳ, ಇನ್ನಷ್ಟು, ಮತಿ, ಸಾಕು. ಮೂರು ಕೀ ಕೂತವು. ನಾಲ್ಕನೆಯದರ ಸ್ಕ್ರೂ ಅರ್ಧಕ್ಕೆ ನಿಂತು ಕಿರುಗುಟ್ಟಿತು, ಒತ್ತಿದರೆ ತಲೆ ಮುರಿದು ಒಳಗೇ ಉಳಿಯುತ್ತದೆ, ಅವ್ವ ಒಳಗಿನಿಂದಲೇ ಕೇಳಿಸಿಕೊಂಡು ಜೇನುಮೇಣದ ಉಂಡೆ ತಂದು ಪಕ್ಕದಲ್ಲಿಟ್ಟು ಹೋದಳು, ಮೇಣದಲ್ಲಿ ಅದ್ದಿ ತೆಗೆದರೆ ಸ್ಕ್ರೂ ಸುಮ್ಮನೆ ಇಳಿಯಿತು, ಹಠಮಾರಿಗೆ ಬೆಲ್ಲ ಕೊಟ್ಟ ಹಾಗೆ. ಅಣ್ಣ ಇದನ್ನು ಮೈಸೂರಿನಲ್ಲಿ ಕೊಂಡಾಗ ದಪ್ಪ ತಂತಿಯ ಕೀ ಮುರಿದೇ ಇತ್ತು, ಅಂಗಡಿಯವನು ಯಾವುದೋ ಗಿಟಾರಿನ ಇನ್ನೊಂದು ಬದಿಯ ಕೀ ಹಾಕಿಕೊಟ್ಟ, ಅಲ್ಲಿಂದ ಅದು ಉಲ್ಟಾ, ಮೂರು ಕೀ ಎದೆಯಿಂದ ಆಚೆ ತಿರುಗಿದರೆ ಬಿಗಿ, ಅದೊಂದು ಎದೆಯ ಕಡೆಗೆ ತಿರುಗಿದರೆ ಬಿಗಿ. ಸರಿ ಮಾಡಿಸು ಎಂದರೆ ಅಣ್ಣ ನಗುತ್ತಿದ್ದ, ಇರ್ಲಿ ಬಿಡೋ, ಇದು ನಿನ್ ಥರ, ಬಾ ಅಂದ್ರೆ ಹೋಯ್ತದೆ, ಹೋಗು ಅಂದ್ರೆ ಬತ್ತದೆ. ಆ ಕೀ ತಿರುಗಿಸುವ ಕೆಲಸ ಅವ್ವನಿಗೆ ಬಿಟ್ಟದ್ದು, ಅಣ್ಣ ತಂತಿ ಮೀಟಿ ಕಣ್ಣು ಮುಚ್ಚಿ ಕಿವಿಗೊಟ್ಟು ಕೂತರೆ ಅವ್ವ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ತಿರುಗಿಸುವಳು, ಅವಳಿಗೆ ಸ್ವರ ಗೊತ್ತಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲ, ಅವನು ಮತಿ ಅವ್ವ ಎಂದಾಗ ನಿಲ್ಲಿಸುವುದಷ್ಟೇ ಗೊತ್ತು, ಅವನು ಶಾಲೆಯಲ್ಲಿ ಕಲಿತ ಮಲಯಾಳದಲ್ಲಿ ಸಾಕು ಎಂದು ಅದರ ಅರ್ಥ, ಆ ಒಂದು ಮಾತು ಅವರಿಬ್ಬರ ನಡುವೆ ಹಾಗೇ ಉಳಿದಿತ್ತು. ಅಣ್ಣನಿಗೆ ಬಂದದ್ದು ಎಲಿಪ್ಪನಿ ಎಂದರು ಆಸ್ಪತ್ರೆಯಲ್ಲಿ, ಇಲಿಜ್ವರ, ಪನಮರಂನ ಗದ್ದೆಯಲ್ಲಿ ನಾಟಿಗೆ ನಿಂತವನಿಗೆ ಕಾಲಿನ ಸಣ್ಣ ಗಾಯದಿಂದ, ಕಣ್ಣು ಹಳದಿಯಾಯಿತು, ಆಮೇಲೆ ಬೇಗ ಮುಗಿಯಿತು. ಮಣಿಗೆ ಅಳು ಬಂದದ್ದು ಆಸ್ಪತ್ರೆಯಲ್ಲಲ್ಲ, ಎರಡು ವಾರ ಕಳೆದು ಬಸ್ಸಿನಲ್ಲಿ, ಯಾರೋ ಹಾಕಿದ ಹಾಡಿನ ಕೆಳಗೆ ಬೇಸ್ ಕೇಳಿಸಿದಾಗ.

ತಂತಿ ಹಾಕಿದ, ತೆಳ್ಳಗಿನದು ಮೊದಲು, ದಪ್ಪದ್ದು ಕೊನೆಗೆ, ಕಂಬದಾಚೆ ನಾಲ್ಕು ಬೆರಳು ಬಿಟ್ಟು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ, ತುದಿ ಒಳಗಿಟ್ಟು ಬಗ್ಗಿಸಿ ಸುತ್ತಿದ, ಸ್ಪೀಕರ್ ಬಾಕ್ಸಿಗೆ ವಯರ್ ಚುಚ್ಚಿದ, ಗುಂಯ್ ಎಂದಿತು, ಕೋಳಿಗಳು ಓಡಿದವು. ಅಂಗಳದಲ್ಲಿ ಜೋಗಿ ಅಜ್ಜ ಚಾಪೆ ಹಾಸಿಸುತ್ತಿದ್ದಾನೆ, ಬಿಸಿಲು ಆಗಲೇ ಬಿದಿರುಮೆಳೆಯ ತುದಿಗೆ ಹೋಗಿದೆ, ಆಯ್ತೇನೋ ಮಣಿ, ಆಯ್ತು ಅಜ್ಜ. ಅವ್ವ ಬಂದು ಕೂತಳು, ಕೈ ಒರೆಸಿಕೊಂಡಳು, ಕರೆಯುವವಳು ಹೆತ್ತವಳೇ ಆದ್ದರಿಂದ ಒಂದು ಸಲ ನೋಡಿಬಿಡುತ್ತೇನೆ ಎಂದಳು. ಮಣಿ ದಪ್ಪ ತಂತಿ ಮೀಟಿದ. ಅವ್ವ ಎದೆಯ ಕಡೆಗೆ ತಿರುಗಿಸಿದಳು. ಸದ್ದು ಇಳಿಯಿತು, ಇನ್ನೂ ತಿರುಗಿಸಿದಳು, ಇನ್ನೂ ಇಳಿಯಿತು, ತಂತಿ ಸಡಿಲವಾಗಿ ಮರಕ್ಕೆ ಬಡಿದು ಗೊರಗುಟ್ಟಿತು, ಅವಳು ಬೆರಳು ಸುಟ್ಟುಕೊಂಡವಳ ಹಾಗೆ ಕೈ ಹಿಂದೆಗೆದುಕೊಂಡಳು, ಅವ ಕೆಳಗೆ ಹೋಯ್ತಾ ಅವ್ನೆ ಮಣಿ. ಇಲ್ಲ ಅವ್ವ, ಇದು ಹೊಸ ಕೀ, ಇದು ಸರಿಯಾದ ಕೀ, ಮೊದಲಿನದೇ ತಪ್ಪು, ಆಚೆ ತಿರುಗಿಸು. ಅವಳು ಸರಿ ಎಂದು ಆಚೆ ತಿರುಗಿಸಿದಳು, ಅರ್ಧ ಸುತ್ತು, ಬೆರಳು ತಾವಾಗಿಯೇ ಮತ್ತೆ ಎದೆಯ ಕಡೆಗೆ ಬಂದವು, ಸದ್ದು ಮತ್ತೆ ಕೆಳಗೆ. ಇಷ್ಟು ವರ್ಷದ ಕೈ, ಅರ್ಧ ಗಳಿಗೆಯಲ್ಲಿ ಹೇಗೆ ಬದಲಾಗುತ್ತದೆ. ಆಚೆ ತಿರುಗಿಸಿದ್ರೆ ಅವನ್ನ ದೂರ ತಳ್ಳಿದಂಗೆ ಆಯ್ತದೆ ಕಣೋ, ಎಂದಳು ಅವ್ವ, ಅಳದೆ, ಉಪ್ಪು ಕಡಿಮೆಯಾಯಿತು ಎನ್ನುವಷ್ಟೇ ಸಾದಾವಾಗಿ.

ಒಂದು ದಾರಿ ಇದೆ, ಇದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು, ಹೇಳಲು ಹೆದರಿಕೆ — ತಂತಿಯನ್ನು ಬಿಚ್ಚಿ ಕಂಬದ ಇನ್ನೊಂದು ಪಕ್ಕದಿಂದ ಸುತ್ತಿದರೆ ಕೀ ಉಲ್ಟಾ ಕೆಲಸ ಮಾಡುತ್ತದೆ, ಎದೆಯ ಕಡೆಗೆ ಬಿಗಿ, ಆದರೆ ತಂತಿ ಆಗಲೇ ಒಂದು ಕಡೆ ಬಗ್ಗಿದೆ, ಕತ್ತರಿಸಿಯೂ ಆಗಿದೆ, ಬಗ್ಗಿದ ಜಾಗದಲ್ಲೇ ಉಲ್ಟಾ ತಿರುಚಿದರೆ ಒಳಗಿನ ಎಳೆ ಪಟ್ ಎನ್ನಬಹುದು, ಇರುವುದು ಇದೊಂದೇ, ತುಂಡಾದರೆ ತುಡಿಯೇ ಗತಿ, ಅಣ್ಣ ಎದ್ದು ಹೋಗುವ ತುಡಿ. ಆಗಲಿ. ಬಿಚ್ಚಿದ. ಬಗ್ಗಿದ ಜಾಗಕ್ಕೆ ಉಳಿದ ಮೇಣ ಸವರಿದ, ಯಾಕೆಂದು ಗೊತ್ತಿಲ್ಲ, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಉಸಿರು ಬಿಗಿಹಿಡಿದು ಆ ಕಡೆಯಿಂದ ಸುತ್ತಿದ, ಒಂದು ಸುತ್ತು, ಇನ್ನೊಂದು, ತಂತಿ ಚೂರು ಓರೆಯಾಗಿ ಕೂತಿತು, ಬಾರೋ ಶಿಬು ಅಣ್ಣ, ನೀನು ನಕ್ಕರೂ ಪರವಾಗಿಲ್ಲ, ಸರಿಯಾದದ್ದನ್ನು ಕೈಯಾರೆ ತಪ್ಪು ಮಾಡಿದ್ದೇನೆ ನೋಡು. ಬಿದಿರಿನ ತುದಿಯಲ್ಲಿ ಬಿಸಿಲಿಲ್ಲ. ಜೋಗಿ ಅಜ್ಜ ಎಲ್ಲರನ್ನೂ ಸುಮ್ಮನಿರಿಸಿದ. ಮಣಿ ಮೀಟಿದ, ಅವ್ವ ತಿರುಗಿಸಿದಳು, ಎದೆಯ ಕಡೆಗೆ, ಸದ್ದು ನೆಲದಿಂದ ಎದ್ದಿತು, ಏರಿತು, ಜಗುಲಿಯ ಹಲಗೆ ಕಾಲಡಿಯಲ್ಲಿ ನಡುಗಿತು, ಇನ್ನೂ ಏರಿತು, ಇದೇ, ಇಲ್ಲಿಯೇ, ಅಣ್ಣ ಕಣ್ಣು ತೆರೆಯುತ್ತಿದ್ದ ಸ್ವರ ಇದು, ದಾಟುತ್ತಿದೆ, ಬಗ್ಗಿದ ಜಾಗದಲ್ಲಿ ತಂತಿ ಸಣ್ಣಗೆ ಕಿರುಗುಟ್ಟುತ್ತಿದೆ, ಅವ್ವ ನಿಲ್ಲಿಸುವುದಿಲ್ಲ, ಹೇಳದೆ ಅವಳು ಎಂದೂ ನಿಲ್ಲಿಸಿದವಳಲ್ಲ, ತಲೆ ಒಂದು ಕಡೆ ವಾಲಿಸಿ ಕಾಯುತ್ತಿದ್ದಾಳೆ, ಆ ಮಾತು ಹೇಳುವವನು ಇಲ್ಲ, ಹೇಳಬೇಕಾದವನು ಈಗ ಮಣಿಯೇ, ಬಾಯಿ ತೆರೆದಿದೆ, ಮತಿ ಎನ್ನಬೇಕು — ಅವ್ವನ ಎರಡು ಬೆರಳು, ಎದೆಯ ಕಡೆಗೆ, ನಿಧಾನ, ಆ ಪುಟ್ಟ ಕಂಬ ತಿರುಗುತ್ತಿದೆ, ಈಗ ತಂತಿ ಇದೆ, ತಿರುಗುತ್ತಿದೆ, ತಿರುಗುತ್ತಲೇ ಇದೆ