ಅವಳು ಇಲ್ಲದ ಅಡುಗೆಮನೆ

ಅವಳು ಅಣ್ಣನ ಅಂಗಿಯ ಕುತ್ತಿಗೆ ಗುಂಡಿ ಹಾಕುತ್ತಿದ್ದಾಗ ಚಿಕ್ಕಮ್ಮ ಹಿಂದಿನಿಂದ ಆ ಮಾತು ಆಡಿದರು. ಚಿಕ್ಕಂದಿನಲ್ಲಿ ಕುದಿನೀರು ಬಿದ್ದು ಬೆರಳುಗಳೆಲ್ಲ ಒಂದಕ್ಕೊಂದು ಅಂಟಿಹೋಗಿದ್ದ ಅಣ್ಣನ ಬಲಗೈಯನ್ನೇ ಅವರು ಬಂದಾಗಿನಿಂದ ನೋಡುತ್ತಿದ್ದರು. ಅಮ್ಮನ ಒಡಹುಟ್ಟಿದ ತಂಗಿಯಾದರೂ ಅಕ್ಕತಂಗಿಯರ ನಡುವೆ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಅಮ್ಮ ತೀರಿಕೊಂಡ ಮೇಲೆ, ಈಗಷ್ಟೇ ಅವರು ಈ ಮನೆಯ ಹೊಸ್ತಿಲು ತುಳಿದಿದ್ದರು.

“ಇದಾದಾಗ ನೀನು ನಮ್ಮನೇಲಿದ್ದೆ ಪುಟ್ಟಿ,” ಎಂದರು. “ನಿಂಗೆ ದಡಾರ ಎದ್ದಿತ್ತು. ಅಣ್ಣನಿಗೆ ಅಂಟಬಾರ್ದು ಅಂತ ನಾನೇ ಬಂದು ಎತ್ಕೊಂಡು ಹೋಗಿದ್ದೆ. ಸುದ್ದಿ ಬಂದಾಗ ನನ್ನ ತೊಡೆ ಮೇಲೆ ಮಲಗಿದ್ದೆ.”

ಪುಟ್ಟಿ ಎಂದರೆ ಈಗ ಕಿವಿಯ ಪಕ್ಕದಲ್ಲಿ ನರೆ ಇಳಿಯುತ್ತಿರುವ ಹೆಂಗಸು. ಚಿಕ್ಕಮ್ಮನಿಗೆ ವಯಸ್ಸಾಯಿತು, ಯಾವುದಕ್ಕೋ ಯಾವುದನ್ನೋ ಗಂಟು ಹಾಕುತ್ತಿದ್ದಾರೆ ಎಂದು ನಗಲು ಹೊರಟಳು. ಅಷ್ಟರಲ್ಲಿ ಅವಳ ಬೆರಳಿನ ಕೆಳಗೆ ಅಣ್ಣನ ಗಂಟಲು ಒಮ್ಮೆ ಏರಿ ಇಳಿಯಿತು. ಅವನು ಇಲ್ಲವೆನ್ನಲಿಲ್ಲ. ತಾನು ಪಾಠ ಮಾಡುವ ಶಾಲೆಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟ.

ಆ ದಿನವನ್ನು ಅವಳು ಮರೆಯುವ ಮಾತೇ ಇರಲಿಲ್ಲ. ಒಲೆಯ ಮುಂದಿನ ಗಿಡ್ಡ ಸ್ಟೂಲು, ಪಾತ್ರೆಯ ಕಿವಿಗೆ ಸುತ್ತಿದ ನೀಲಿ ಚೌಕುಳಿ ಬಟ್ಟೆ, ಅದರ ತುದಿ ಹಿಡಿದು ಎಳೆದ ತನ್ನ ಕೈ. ನೀರು ಬಿದ್ದ ಸದ್ದು. ಅಣ್ಣನ ಬಾಯಿ ಮೊದಲು ತೆರೆದುಕೊಂಡು, ಕೂಗು ಆಮೇಲೆ ಬಂದದ್ದು. ಬೇಕರಿಯಲ್ಲಿ ಕೇಕುಗಳ ಮೇಲೆ ಕ್ರೀಮಿನಿಂದ ಹೆಸರು ಬರೆಯುವುದು ಅವಳ ಕೆಲಸ. ಬರೆಯುವಾಗ ಕ್ರೀಮು ತುಂಬಿದ ಬಟ್ಟೆಚೀಲದ ತುದಿಯನ್ನು ಹಿಸುಕಿ ಹಿಡಿದರೆ ಈಗಲೂ ಅಂಗೈ ಬಿಸಿಯಾಗುತ್ತಿತ್ತು.

ಆ ಕೈ ಮಾಡಿದ್ದಕ್ಕೆ ಉಳಿದ ಆಯುಷ್ಯವನ್ನೆಲ್ಲ ತೆತ್ತಿದ್ದಳು. ಅಣ್ಣನ ಅನ್ನ ಕಲಸಿದ್ದು, ಗುಂಡಿ ಹಾಕಿದ್ದು, ಅವನು ತಿದ್ದಬೇಕಾದ ಮಕ್ಕಳ ಉತ್ತರಗಳಿಗೆ ಅವನು ಹೇಳಿದಂತೆ ಅಂಕ ಹಾಕಿದ್ದು. ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುತ್ತಿದ್ದವನೊಬ್ಬ ಮದುವೆಯಾಗುತ್ತೇನೆ, ಬೇರೆ ಊರಿಗೆ ಹೋಗೋಣ ಎಂದಿದ್ದ. ಆಗ ಅಣ್ಣ ಬೇಡವೆಂದಿರಲಿಲ್ಲ. ಮಡಿಲಲ್ಲಿದ್ದ ಕೈಯನ್ನು ಸುಮ್ಮನೆ ನೋಡಿಕೊಂಡಿದ್ದ. ಅಷ್ಟು ಸಾಕಾಗಿತ್ತು. ಬಂದವರ ಮುಂದೆಲ್ಲ ಅಮ್ಮ, ಮಗು ತಿಳಿಯದೆ ಮಾಡಿತು ಬಿಡಿ ಎನ್ನುತ್ತಿದ್ದಳು. ಕೊನೆಗಾಲದಲ್ಲಿ ಇವಳು ಹಾಸಿಗೆಯ ಪಕ್ಕ ಕೂತು ಅತ್ತಾಗ, ಎಂದೋ ಕ್ಷಮಿಸಿದ್ದೇನೆ ಎಂದು ತಲೆ ಸವರಿದ್ದಳು.

ಅಂದು ಬೇಕರಿಯಲ್ಲಿ ಒಂದೇ ಹೆಸರನ್ನು ಎರಡು ಸಲ ತಪ್ಪು ಬರೆದಳು. ಮಾಲೀಕ, ಪ್ರೀತಿ ಗೀತಿ ಏನಾದ್ರೂ ಶುರುವಾಯ್ತೇನಮ್ಮ ಈ ವಯಸ್ಸಲ್ಲಿ ಎಂದು ತಮಾಷೆ ಮಾಡಿದ. ಅವಳು ಚಾಕುವಿನಿಂದ ಕ್ರೀಮು ಹೆರೆದು ತೆಗೆದು ಮತ್ತೆ ಬರೆದಳು.

ಸಂಜೆ ಅಣ್ಣ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದಳು. ಅವನು ಸುಳ್ಳು ಹೇಳಲಿಲ್ಲ. ದಿನವಿಡೀ ಈ ಪ್ರಶ್ನೆಗೇ ತಯಾರಾದವನಂತಿದ್ದ.

“ಪಾತ್ರೆ ತಳ್ಳಿದ್ದು ಅಮ್ಮ. ನಾನು ಏನಕ್ಕೋ ಹಠ ಮಾಡ್ತಿದ್ದೆ, ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಅಪ್ಪ ಊರಲ್ಲಿರ್ಲಿಲ್ಲ. ನೀನು ವಾಪಸ್ ಬಂದ್ಮೇಲೇ ಅಪ್ಪ ಬಂದಿದ್ದು, ಕೇಳಿದಾಗ ನಿನ್ನ ಹೆಸರು ಹೇಳಿದ್ಲು. ಚಿಕ್ಕ ಮಗೂಗೆ ಅಪ್ಪ ಏನೂ ಮಾಡಲ್ಲ ಅಂತ.”

“ನೀನು ಯಾಕೆ ಸುಮ್ಮನಿದ್ದೆ?”

“ಯಾರಿಗೂ ಹೇಳ್ಬೇಡ ಅಂದಿದ್ಲು. ಆಮೇಲೆ ನೀನೇ ಹೇಳೋಕೆ ಶುರು ಮಾಡಿದೆ, ನಾನೇ ಎಳೆದೆ, ನೀಲಿ ಬಟ್ಟೆ ಇತ್ತು ಅಂತ. ಕೇಳಿ ಕೇಳಿ ಕೆಲವು ಸಲ ನಂಗೂ ಹಾಗೇ ಇರ್ಬೇಕು ಅನ್ನಿಸ್ತಿತ್ತು.”

“ಕೆಲವು ಸಲ,” ಎಂದಳು ಅವಳು. “ಉಳಿದ ಸಲ?”

ಅಣ್ಣ ಚಪ್ಪಲಿ ಬಿಟ್ಟು ಗೋಡೆಗೆ ಜೋಡಿಸಿಟ್ಟ. ಅಮ್ಮ ತಲೆ ಸವರಿ ಕ್ಷಮಿಸಿದಾಗ ಇವನು ಅದೇ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದ. ಅದು ಅವಳಿಗೆ ಈಗ ನೆನಪಾಯಿತು. ಆ ನೆನಪಾದರೂ ನಿಜವೇ ಎಂದು ಮರುಕ್ಷಣವೇ ಅನುಮಾನ ಬಂತು.

ಅದಕ್ಕಿಂತ ದೊಡ್ಡ ಮೋಸ ಬೇರೆಯೇ ಇತ್ತು. ನಿಜ ತಿಳಿದ ಮೇಲೂ ಆ ಅಡುಗೆಮನೆ ಅಳಿಸಿಹೋಗಲಿಲ್ಲ. ಕಣ್ಣು ಮುಚ್ಚಿದರೆ ಸ್ಟೂಲು ಅಲ್ಲೇ ಇತ್ತು, ಬಟ್ಟೆ ಅಷ್ಟೇ ನೀಲಿಯಾಗಿತ್ತು. ತಾನು ಇರದಿದ್ದ ಕಡೆ ಅವಳು ನಿಂತಿದ್ದಳು. ಹಾಗಿದ್ದರೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಸೇತುವೆ ದಾಟಿಸಿದ್ದು? ಅದನ್ನು ತಾನು ಕಂಡದ್ದೋ, ಯಾರೋ ಹೇಳಿದ್ದೋ? ಕೇಳೋಣವೆಂದರೆ ಅಪ್ಪನೂ ಇರಲಿಲ್ಲ.

ಬೆಳಗ್ಗೆ ಅಣ್ಣ ಗುಂಡಿ ಹಾಕದ ಅಂಗಿಯಲ್ಲಿ ಬಂದು ಎದುರಿಗೆ ನಿಂತ. ಅವಳು ಚಿಕ್ಕಮ್ಮನ ಚೀಲ ಎತ್ತಿಕೊಂಡು, ಅವರ ಜತೆ ಬಸ್ಸು ಹತ್ತಿದಳು.

ಚಿಕ್ಕಮ್ಮನ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಮಹಡಿಯ ಚಿಕ್ಕ ಕೋಣೆಯ ಬಾಗಿಲು ತೆರೆದು, ಇಲ್ಲೇ ನಿನ್ನ ಮಲಗಿಸ್ತಿದ್ದೆ ಎಂದರು. ಕಬ್ಬಿಣದ ಮಂಚ, ಸುಣ್ಣ ಬಿಟ್ಟ ಗೋಡೆ, ಒಂದು ಕಿಟಕಿ. ಅವಳು ಮಂಚದ ಸರಳು ಮುಟ್ಟಿದಳು, ಗೋಡೆ ಸವರಿದಳು. ಏನೂ ಬರಲಿಲ್ಲ. ನಿಜವಾಗಿ ಇದ್ದ ಜಾಗ ಅವಳನ್ನು ಗುರುತೇ ಹಿಡಿಯಲಿಲ್ಲ.

“ಎದುರು ತಾರಸಿ ಮೇಲೆ ಪಾರಿವಾಳ ಕೂರ್ತಿದ್ವು,” ಎಂದರು ಚಿಕ್ಕಮ್ಮ. “ಜ್ವರದಲ್ಲೂ ಅವುಗಳನ್ನ ಕರೀತಿದ್ದೆ.”

ಅವಳೊಳಗೆ ಆಗಲೇ ಒಂದು ಪಾರಿವಾಳ ಬಂದು ಕೂತಿತು. ಬೂದು ಮೈ, ಕತ್ತಿನಲ್ಲಿ ಹಸಿರು ಹೊಳಪು, ಒಂದು ಕಾಲು ಕುಂಟು. ಕುಂಟು ಎಂದು ಚಿಕ್ಕಮ್ಮ ಹೇಳಿರಲಿಲ್ಲ.

“ಸಾಕು ಚಿಕ್ಕಮ್ಮ. ಇನ್ನೇನೂ ಹೇಳ್ಬೇಡಿ.”

ಚಿಕ್ಕಮ್ಮ ಅವಳ ಮುಖ ನೋಡಿ, ಟೀ ಮಾಡುತ್ತೇನೆಂದು ಕೆಳಗಿಳಿದರು. ಅವಳು ಮಂಚದ ಮೇಲೆ ಕಿಟಕಿಯ ಕಡೆಗೆ ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿದಳು. ಎದುರಿನ ತಾರಸಿಯಲ್ಲಿ ಯಾರೋ ಹೆಂಗಸು ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಆ ಹೆಂಗಸು ಮೆಟ್ಟಿಲಿಳಿದು ಹೋದ ಮೇಲೂ ಖಾಲಿ ಹಗ್ಗ ಬಹಳ ಹೊತ್ತು ತೂಗುತ್ತಲೇ ಇತ್ತು.