ತುಂತುಣಿಯ ಲಿಲಾವು

ಹತ್ತಿಮತ್ತೂರಿನ ಅಡಿವೆವ್ವ ಎಂದರೆ ಆ ಕಾಲಕ್ಕೆ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಗೀಗಿ ಪದಕ್ಕೇ ಇನ್ನೊಂದು ಹೆಸರು. ತೀರಿಕೊಳ್ಳುವ ಮೊದಲು ಅವಳು ತನ್ನ ತುಂತುಣಿಯನ್ನು ಮಠಕ್ಕೆ ಒಪ್ಪಿಸಿದ್ದಳು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಮಠದವರು ಮಕ್ಕಳ ವಸತಿಗೃಹ ಕಟ್ಟಿಸಲೆಂದು ಭಕ್ತರು ಕೊಟ್ಟ ಸಾಮಾನುಗಳ ಲಿಲಾವು ಇಟ್ಟರು. ಕಂಬಳಿ, ಕೊಪ್ಪರಿಗೆ, ಒಂದು ಹೋರಿಗರು ಎಲ್ಲ ಮುಗಿದು ಕೊನೆಗೆ ಆ ಒಂಟಿ ತಂತಿಯ ವಾದ್ಯ ಕಟ್ಟೆಯ ಮೇಲೆ ಬಂತು.

ಶಿಗ್ಗಾಂವದ ಕಾಳಿನ ವ್ಯಾಪಾರಿ ನಾಗಪ್ಪನಿಗೆ ಹಾಡು-ಪದ ಅಂದರೆ ಅಷ್ಟಕ್ಕಷ್ಟೆ. ಅವನ ಕಣ್ಣೆಲ್ಲ ಎದುರು ಕುರ್ಚಿಯಲ್ಲಿದ್ದ ಪರಮೇಶ್ವರಪ್ಪನ ಮೇಲೆ. ಹೋದ ವರ್ಷ ಇಲ್ಲಿಯ ಲಿಲಾವಿನಲ್ಲೇ ಬೆಳ್ಳಿ ಛತ್ರಿಯನ್ನು ಈ ಮನುಷ್ಯ ಹೆಚ್ಚಿನ ಬೆಲೆ ಕೂಗಿ ನಾಗಪ್ಪನ ಬಾಯಿಂದ ಕಿತ್ತುಕೊಂಡು ಊರ ತುಂಬ ಮೆರೆದಿದ್ದ. ಈಗ ಅವನ ಟ್ರ್ಯಾಕ್ಟರ್ ಓಡಿಸುವ ಫಕ್ರುಸಾಬ ಎದ್ದು ನಿಂತು ಬೆಲೆ ಕೂಗಿದ. ಧಣಿಯೇ ಆಳಿನ ಬಾಯಿಂದ ಕೂಗಿಸುತ್ತಿದ್ದಾನೆ ಎಂದು ನಾಗಪ್ಪನ ತಲೆಗೆ ಹೊಕ್ಕಿತು. ಇನ್ನು ಬಿಟ್ಟಾನೆಯೇ!

ನಾಗಪ್ಪ ಬೆಲೆ ಏರಿಸಿದ. ಫಕ್ರುಸಾಬ ಒಮ್ಮೆ ಹಿಂದೆ ತಿರುಗಿ ನೋಡಿ ಮತ್ತೆ ಕೂಗಿದ. ಅವನ ಹಿಂದೆ ಯಾರಿದ್ದಾರೆಂದು ನೋಡುವ ವ್ಯವಧಾನ ನಾಗಪ್ಪನಿಗೆ ಎಲ್ಲಿಯದು? ಒಮ್ಮೆಲೇ "ಐನೂರು!" ಎಂದುಬಿಟ್ಟ. ಫಕ್ರುಸಾಬ ಕೂತುಬಿಟ್ಟ.

"ಯಾಕ್ರಿ ಪರಮೇಶ್ವರಪ್ಪ, ನಿಮ್ಮ ಆಳಿನ ದನಿ ಕುಂತೇ ಬಿಡ್ತಲ್ಲ?" ನಾಗಪ್ಪ ಮೀಸೆ ತಿರುವಿ ಎಲ್ಲರಿಗೂ ಕೇಳುವಂತೆ ಅಂದ.

"ನನಗ್ಯಾಕ ಬೇಕ್ರೀಪಾ ಆ ತುಂತುಣಿ? ನಾ ಏನ್ ಗೀಗಿ ಹಾಡ್ಲೇನು? ಅಂವಾ ಶೇಖವ್ವನ ಸಲುವಾಗಿ ಕೂಗಾಕತ್ತಿದ್ದ. ಹೆಣ್ಮಗಳು ಇಷ್ಟು ಮಂದ್ಯಾಗ ಹೆಂಗ ಕೂಗ್ಯಾಳು?"

ನಾಗಪ್ಪ ಆಗ ನೋಡಿದ. ಅಡಿವೆವ್ವನ ಪದಕ್ಕೆ ಜೀವಮಾನವಿಡೀ ಹಿಮ್ಮೇಳ ಹಾಡಿದ ಶೇಖವ್ವ ಫಕ್ರುಸಾಬನ ಹಿಂದೆ ಕೂತು, ಬಿಚ್ಚಿದ್ದ ಸೆರಗಿನ ದುಡ್ಡಿನ ಗಂಟನ್ನು ತಿರುಗಿ ಕಟ್ಟಿಕೊಳ್ಳುತ್ತಿದ್ದಳು. ಮುಖ ಎತ್ತಲಿಲ್ಲ. ನಾಗಪ್ಪನಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ತಿರುವಿದ ಮೀಸೆಯನ್ನು ಕೈಯಿಂದ ಒರೆಸಿ ಸರಿ ಮಾಡಿಕೊಂಡ.

ಹಣ ಕಟ್ಟಿ, ತುಂತುಣಿ ಹಿಡಿದು ಅವಳ ಹತ್ತಿರ ಹೋದ. "ಯವ್ವಾ, ನಂದು ತಪ್ಪಾತು. ಇದನ್ನ ಬಾರಿಸಾಕಿ ನೀನು. ತಗೋ."

ಶೇಖವ್ವ ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ನಾಗಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಅವಳು ಗೂಟ ತಿರುವಿ ತಂತಿ ಸಡಿಲಿಸಿ ಅವನ ಕೈಗೇ ತಿರುಗಿ ಕೊಟ್ಟಳು.

"ಬ್ಯಾಡ್ರಿ ಸಾವ್ಕಾರ್ರ. ಅಕ್ಕ ದೇವರಿಗೆ ಕೊಟ್ಟದ್ದು. ದುಡದು ಬಿಡಿಸ್ಕೊಂಡಿದ್ರ ನಂದಾಗ್ತಿತ್ತು. ಕೈ ಚಾಚಿ ಇಸ್ಕೊಂಡ್ರ ಅಕ್ಕನ ಹೆಸರು ಕೆಡ್ತೈತಿ. ನೀವು ಗ್ವಾಡಿಗೆ ತೂಗಹಾಕ್ತೀರಲ್ರಿ, ತಂತಿ ಬಿಗಿ ಇದ್ರ ತೊಗಲು ಹರೀತೈತಿ. ಅದಕ್ಕ ಸಡ್ಲ ಮಾಡೇನಿ."

ಅವಳು ಎರಡು ಮಾತು ಬೈದಿದ್ದರೆ ನಾಗಪ್ಪ ತಡೆದುಕೊಳ್ಳುತ್ತಿದ್ದ. ಅವಳು ಮೇಳದ ಹೆಂಗಸರ ಜೊತೆ ಚಿಕ್ಕೇರೂರಿಗೆ ಹಾಡಲು ಹೊರಟುಹೋದಳು.

ಶಿಗ್ಗಾಂವದ ಬಸ್ಸಿನಲ್ಲಿ ಪಕ್ಕದವನು ತುಂತುಣಿಯ ಗುರುತು ಹಿಡಿದ. "ಅಡಿವೆವ್ವಂದಲ್ಲೇನ್ರಿ ಇದು? ಒಂದ್ಸಲ ಮೀಟ್ರಿ, ಕೇಳೂಣು."

ನಾಗಪ್ಪ ಮೀಟಿದ. ಸಡಿಲ ತಂತಿ ದನಿ ಕೊಡಲಿಲ್ಲ. ಅವನು ಹೆಗಲ ಮೇಲಿನ ವಲ್ಲಿ ತೆಗೆದು ತುಂತುಣಿಗೆ ಹೊದಿಸಿದ. ತನ್ನ ಮುಖ ಮುಚ್ಚಿಕೊಳ್ಳಲು ಇನ್ನೊಂದು ವಲ್ಲಿ ಇರಲಿಲ್ಲ.